ನಾಲ್ಕು ಬೆರಳಿನಷ್ಟು ಸಂದು

ಅಷ್ಟು ದೊಡ್ಡ ಚಿಟ್ಟೆಮನೆಯಲ್ಲಿ ಆ ಹುಳುವಿಗೆ ನೇತುಬೀಳಲು ಬೇರೆ ಜಾಗವೇ ಸಿಗಲಿಲ್ಲ. ಬಳ್ಳಿಗಳಿದ್ದವು, ಕುಂಡಗಳಿದ್ದವು, ಮಾಲಿ ಅದಕ್ಕೆಂದೇ ಕಟ್ಟಿಟ್ಟ ಒಣಕೊಂಬೆಗಳಿದ್ದವು. ಎಲ್ಲವನ್ನೂ ಬಿಟ್ಟು ಅದು ನಡುಬಾಗಿಲಿನ ಚೌಕಟ್ಟಿನ ಮೇಲಂಚನ್ನು ಆರಿಸಿಕೊಂಡಿತು. ಅಲ್ಲಿ ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಕಡಲೆಕಾಯಿ ಹಿಡಿಯುವಷ್ಟು ಎಡೆಯಿತ್ತು. ಹುಳು ಅಲ್ಲಿ ಕೋಶ ಕಟ್ಟಿಕೊಂಡು ತಲೆಕೆಳಗಾಗಿ ಹತ್ತು ದಿನ ಮಲಗಿತು. ಆ ಹತ್ತು ದಿನವೂ ಅಲ್ಲಿ ಬಾಗಿಲು ಕಾಯುವ ಬಾಗಿಲಣ್ಣ, ತೊಟ್ಟಿಲಿನಲ್ಲಿ ಎಳೆಗೂಸು ಮಲಗಿರುವ ಮನೆಯವನಂತೆ, ಬಾಗಿಲನ್ನು ಮೆಲ್ಲಗೆ ತೆಗೆದು ಮೆಲ್ಲಗೆ ಹಾಕಿದ.

ಹನ್ನೊಂದನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ನೀರು ಹಾಕಲು ಬಾಗಿಲು ತೆಗೆದಾಗ ಕೋಶ ಒಡೆದಿತ್ತು. ಚಿಟ್ಟೆ ಹೊರಬಂದು, ಒದ್ದೆ ಬಟ್ಟೆಯಂತೆ ಮುದುಡಿದ ರೆಕ್ಕೆಗಳನ್ನು ಕೆಳಕ್ಕೆ ಇಳಿಬಿಟ್ಟು ನೇತಾಡುತ್ತಿತ್ತು. ಈಗ ಬಾಗಿಲು ಹಾಕಿದರೆ ರೆಕ್ಕೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಹಾಕದಿದ್ದರೆ ಏನಾಗುತ್ತದೆ ಎನ್ನುವುದನ್ನು ಅವನು ಒಂಬತ್ತು ವರ್ಷದಿಂದ ಕನಸಿನಲ್ಲಿ ಕಂಡು ಬೆವರುತ್ತಿದ್ದ.

ಆ ಸಂಶೋಧನಾಲಯದ ಚಿಟ್ಟೆಮನೆಗೆ ಎರಡು ಬಲೆಕೋಣೆಗಳು. ಎಡಗಡೆಯದರಲ್ಲಿ ಹಳದಿ ಪಟ್ಟೆಯ ಚಿಟ್ಟೆಗಳು, ನಲವತ್ತು. ಬಲಗಡೆಯದರಲ್ಲಿ ಬಿಳಿ ಪಟ್ಟೆಯವು, ಅವೂ ನಲವತ್ತು. ನಡುವೆ ಒಂದೇ ಬಾಗಿಲು. ಆ ಬಾಗಿಲನ್ನು ಕಾಯುವುದೇ ಬಾಗಿಲಣ್ಣನ ಕೆಲಸ; ನೀರು ಹಾಕುವುದು, ಎಲೆ ಬದಲಿಸುವುದು ಅದರ ಬಾಲಂಗೋಚಿ.

ಚಿಟ್ಟೆಮನೆಯ ಮೇಡಂ ಅವನು ಕೆಲಸಕ್ಕೆ ಸೇರಿದ ದಿನವೇ ಕೂರಿಸಿಕೊಂಡು ಹೇಳಿದ್ದರು. "ನೋಡಪ್ಪಾ, ಇವೆಲ್ಲ ಒಂದು ಕಾಲದಲ್ಲಿ ಒಂದೇ ಮನೆಯವು. ಕೆಲವು ಬೆಟ್ಟದ ಆ ಕಡೆ ಉಳಿದ್ವು, ಕೆಲವು ಈ ಕಡೆ. ಸಾವಿರಾರು ತಲೆಮಾರು ಹೋಗೋದು ಬರೋದು ನಿಂತುಹೋಯ್ತು. ಆ ಕಡೆಯವುಕ್ಕೆ ಪಟ್ಟೆ ಹಳದಿ ಆಯ್ತು, ಈ ಕಡೆಯವುಕ್ಕೆ ಬಿಳಿ. ತಿನ್ನೋ ಎಲೆ ಬೇರೆ ಆಯ್ತು, ಮೈವಾಸನೆ ಬೇರೆ ಆಯ್ತು. ಈಗ ಇವು ದಾಯಾದಿಗಳಾಗಿ ಉಳಿದಿವೆಯೋ, ಯಾರಿಗೆ ಯಾರೋ ಆಗಿಬಿಟ್ಟಿವೆಯೋ, ಅದೇ ನನ್ನ ಪ್ರಶ್ನೆ."

"ಅದು ಹೆಂಗೆ ಗೊತ್ತಾಗುತ್ತೆ ಮೇಡಂ?"

"ಒಂದನ್ನೊಂದು ಸಂಗಾತಿ ಅಂತ ಒಪ್ಪಿಕೊಂಡ್ರೆ ಇನ್ನೂ ಒಂದೇ ಬಗೆ. ಒಪ್ಪದೇ ಇದ್ರೆ ಎರಡು. ಚಿಕ್ಕ ಡಬ್ಬಿಯಲ್ಲಿ ಒಂದೊಂದು ಜೋಡಿ ಹಾಕಿ ನೋಡಿದೆ. ಡಬ್ಬಿಯಲ್ಲಿ ಕೂಡಿಟ್ರೆ ಯಾರು ತಾನೇ ಮನಸ್ಸು ಬಿಚ್ತಾರೆ? ಎಲ್ಲವನ್ನೂ ಒಂದೇ ಕೋಣೆಗೆ ಬಿಟ್ಟು ನೋಡೋಕೆ ಧೈರ್ಯ ಇಲ್ಲ. ಬೆರೆತುಹೋದ್ರೆ ಪಟ್ಟೆ ಕೆಸರುಬಣ್ಣ ಆಗುತ್ತೆ, ಹಳದಿಯೂ ಇಲ್ಲ, ಬಿಳಿಯೂ ಇಲ್ಲ. ಹೊರಗೆ ಕಾಡಿನಲ್ಲಾದ್ರೆ ಹಕ್ಕಿಗಳಿಗೆ ಹಳದಿ ಕಹಿ, ಬಿಳಿ ಕಹಿ ಅಂತ ಗೊತ್ತು. ಕೆಸರುಬಣ್ಣದ್ದು ಗೊತ್ತಿಲ್ಲ, ಅದನ್ನೇ ಮೊದಲು ತಿಂದುಬಿಡ್ತವೆ. ಇಲ್ಲಿ ಹಕ್ಕಿ ಇಲ್ಲವಲ್ಲ, ಅವೂ ಉಳ್ಕೊಂಡು ಹೆಚ್ಕೊಳ್ತವೆ. ಹಾಲಿಗೆ ನೀರು ಬಿದ್ದ ಹಾಗೆ, ಮತ್ತೆ ಬೇರೆ ಮಾಡೋಕಾಗಲ್ಲ. ಅದಕ್ಕೇ ಬಾಗಿಲು ಹಾಕಿದ್ಯಾ ಅಂತ ಎರಡು ಸಲ ನೋಡು. ಎರಡು ಸಲ ನೋಡಿದ ಮೇಲೆ ಇನ್ನೊಂದು ಸಲ ನೋಡು."

ಮೊದಲೇ ಅವನು ಪುಕ್ಕಲು. ಬೇರೆಯವರ ಫೋನು ಬಡಿದುಕೊಂಡರೂ ತಪ್ಪು ತನ್ನದೇ ಎಂದು ಎದ್ದು ನಿಲ್ಲುವವನು. ಮೇಡಂ ಮಾತು ಕೇಳಿದ ಮೇಲೆ ಮನೆಯ ಬಾಗಿಲು, ಕಪಾಟಿನ ಬಾಗಿಲು, ಬಸ್ಸಿನ ಬಾಗಿಲು, ಎಲ್ಲವನ್ನೂ ಮೂರು ಸಲ ನೋಡುವ ಅಭ್ಯಾಸವಾಯಿತು. ಹೆಂಡತಿ ಇದನ್ನು ಬೀದಿಯವರಿಗೆಲ್ಲ ಹೇಳಿ ನಗುತ್ತಿದ್ದಳು. ಆದರೆ ರಾತ್ರಿ ಅವನು ಎದ್ದು ಚಿಲಕ ನೋಡಿ ಬಂದಾಗ, ಅವನಿಗಾಗಿ ಹೊದಿಕೆಯ ಅಂಚನ್ನು ಎತ್ತಿ ಹಿಡಿದಿರುತ್ತಿದ್ದಳು.

ಇವತ್ತು ಬೇರೆ ದಿನವಾಗಿದ್ದರೆ ಅವನು ಆ ರೆಕ್ಕೆ ಒಣಗುವವರೆಗೂ ಅಲ್ಲೇ ಕಾವಲು ಕೂರುತ್ತಿದ್ದ. ಆದರೆ ಇವತ್ತು ಸಂಜೆ ನಾಲ್ಕಕ್ಕೆ ಹೊರಗಿನಿಂದ ತಜ್ಞರ ಸಮಿತಿ ಬರುವುದಿತ್ತು. ಮೇಡಂ ಅವರ ಹನ್ನೊಂದು ವರ್ಷದ ಕೆಲಸ ಮುಂದುವರಿಯಬೇಕೇ ಬೇಡವೇ ಎಂದು ಅವರು ಹೇಳುವುದಿತ್ತು. ಅದೇ ಹೊತ್ತಿನಲ್ಲಿ ನಿರ್ದೇಶಕರು ಬಾಗಿಲಣ್ಣನಿಗೆ ಕಾಯಂ ನೌಕರಿಯ ಪತ್ರ ಕೊಡುವುದಿತ್ತು. ಒಂಬತ್ತು ವರ್ಷ ತಾತ್ಕಾಲಿಕವಾಗಿ ದುಡಿದ ಮೇಲೆ ಬಂದ ಪತ್ರ. ಅದರ ಜತೆಗೆ ಆವರಣದೊಳಗೇ ಎರಡು ಕೋಣೆಯ ಮನೆ. ಹೆಂಡತಿ ಆ ಮನೆಯ ಕಿಟಕಿಗಳ ಅಳತೆ ಆಗಲೇ ತೆಗೆದುಕೊಂಡು ಹೋಗಿದ್ದಳು.

ಅವನು ಬಾಗಿಲನ್ನು ನಾಲ್ಕು ಬೆರಳಿನಷ್ಟು ಮಾತ್ರ ತೆರೆದಿಟ್ಟು, ಅದು ಅಲುಗದಂತೆ ಎರಡು ಪಕ್ಕಕ್ಕೂ ಕುಂಡ ಒತ್ತಿಟ್ಟ. ಸಂದಿಗೆ ತನ್ನ ಟವೆಲ್ಲನ್ನು ಪರದೆಯಂತೆ ಇಳಿಬಿಟ್ಟ. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತು. ಪತ್ರಕ್ಕೆ ಅಂಟಿಸಲು ಫೋಟೋ ಬೇಕು, ಮೂರು ಕಡೆ ರುಜು ಬೇಕು, ಕೂಡಲೇ ಬರಬೇಕು.

"ಅರ್ಧ ಗಂಟೆ ತಡೀರಿ," ಎಂದ.

"ಒಂಬತ್ತು ವರ್ಷ ನೀನು ತಡೆದಿದ್ದೀಯ, ನಿನಗೆ ಅಭ್ಯಾಸ ಇದೆ. ನಮಗಿಲ್ಲ, ಬಾ," ಎಂದರು ಅಲ್ಲಿಂದ.

ಹೋದ. ಒಂದೂವರೆ ಗಂಟೆಯ ನಂತರ ಬಂದು ನೋಡಿದರೆ ಹೊಸ ಚಿಟ್ಟೆ ರೆಕ್ಕೆ ಒಣಗಿಸಿಕೊಂಡು ಹಾರಿಹೋಗಿತ್ತು. ಗಾಳಿಗೆ ಟವೆಲ್ಲು ನೆಲಕ್ಕೆ ಬಿದ್ದಿತ್ತು. ಬಲಗಡೆಯ ಕೋಣೆ ಮದುವೆ ಮುಗಿದ ಛತ್ರದಂತೆ ಖಾಲಿ ಖಾಲಿ. ಎಡಗಡೆಯ ಕೋಣೆಗೆ ಬೆಳಗಿನ ಬಿಸಿಲು ಬಿದ್ದಿತ್ತು. ಹೊಸದೂ ಸೇರಿ ಎಂಬತ್ತೊಂದೂ ಅಲ್ಲಿದ್ದವು.

ಅವನು ಮೊದಲು ಮಾಡಿದ ಕೆಲಸವೆಂದರೆ ನಡುಬಾಗಿಲನ್ನು ಭದ್ರವಾಗಿ ಹಾಕಿ, ಚಿಲಕ ಬಿದ್ದಿದೆಯೇ ಎಂದು ಮೂರು ಸಲ ನೋಡಿದ್ದು.

"ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ," ಎಂದಿತು ಒಂದು ದನಿ. ಮಾಲಿ ಮಾವ ಬಲೆಯ ಆಚೆಯಿಂದ ಇಣುಕುತ್ತಿದ್ದ. ಅವನಿಗೆ ಅರವತ್ತು ದಾಟಿತ್ತು, ಎಲ್ಲರಿಗೂ ಮಾವ.

"ಮಾವ, ಯಾರಿಗೂ ಹೇಳ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

"ಕಾಲು ನೋಯ್ತಿದೆ, ಬೀಳ್ಬೇಡ. ಈಗ ಏನು, ಹಳದಿನ ಒಂದು ಕಡೆ ಬಿಳಿನ ಒಂದು ಕಡೆ ಮಾಡ್ಬೇಕು, ಅಷ್ಟೇ ತಾನೇ? ನಾನು ಕಡಲೆ ಬೇರೆ ಕಲ್ಲು ಬೇರೆ ಮಾಡ್ದೋನು."

ಆದರೆ ಕಡಲೆ ರೆಕ್ಕೆ ಮಡಚುವುದಿಲ್ಲ. ಈ ಚಿಟ್ಟೆಗಳ ಪಟ್ಟೆ ಇದ್ದದ್ದು ರೆಕ್ಕೆಯ ಮೇಲ್ಮೈಯಲ್ಲಿ. ಕುಳಿತು ರೆಕ್ಕೆ ಮಡಚಿದರೆ ಎರಡೂ ಒಂದೇ ಥರದ ಒಣಗಿದ ಎಲೆ. ಹಾರುವಾಗ ಪಟ್ಟೆ ಕಾಣುತ್ತದೆ, ಆದರೆ ಹಿಡಿಯಲಾಗುವುದಿಲ್ಲ. ಕುಳಿತಾಗ ಹಿಡಿಯಬಹುದು, ಆದರೆ ಯಾವುದೆಂದು ತಿಳಿಯುವುದಿಲ್ಲ.

"ನೀರು ಚಿಮುಕಿಸಿದ್ರೆ ಒಣಗಿಸ್ಕೊಳ್ಳೋಕೆ ರೆಕ್ಕೆ ಬಿಡಿಸ್ತವೆ," ಎಂದ ಮಾವ. ಬಾಗಿಲಣ್ಣ ಬೇಡವೆನ್ನುವ ಮೊದಲೇ ಕೊಳವೆ ತಿರುಗಿಸಿದ. ಚಿಟ್ಟೆಗಳು ಇದು ಮಳೆಯೆಂದು ತಿಳಿದು ಒಂದೇ ಗಳಿಗೆಯಲ್ಲಿ ರೆಕ್ಕೆ ಬಿಗಿದುಕೊಂಡು ಎಲೆಗಳ ಅಡಿಗೆ ಸೇರಿದವು. ಎಂಬತ್ತೊಂದರಲ್ಲಿ ಒಂದೂ ಕಣ್ಣಿಗೆ ಬೀಳಲಿಲ್ಲ. ಇಬ್ಬರು ಗಂಡಸರು ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ನಿಂತರು.

ಈ ನೀರಿನ ಸದ್ದಿಗೆ ಕ್ಯಾಂಟೀನಿನ ಅಕ್ಕ ಬಂದಳು. ಅವಳು ಬಂದಳೆಂದರೆ ಆವರಣಕ್ಕೆಲ್ಲ ಗೊತ್ತಾದಂತೆಯೇ. ಆದರೆ ಬಾಗಿಲಣ್ಣನ ಮುಖ ನೋಡಿದವಳು ಹೋಗಿ ಒಂದು ಲೋಟ ಚಹಾ ತಂದು, ಸಕ್ಕರೆ ಜಾಸ್ತಿ ಹಾಕಿ, ಅವನ ಕೈಗಿಟ್ಟಳು.

"ಕುಡಿ ತಮ್ಮಾ. ಹೊಟ್ಟೆಗೆ ಹಾಕದೆ ಯಾರನ್ನೂ ಕರೆಯೋಕಾಗಲ್ಲ, ಮನುಷ್ಯರಾದ್ರೂ ಸರಿ, ಹುಳಾದ್ರೂ ಸರಿ. ನನ್ನ ಹತ್ರ ಕೊಳೆತ ಬಾಳೆಹಣ್ಣಿದೆ."

ಹಣ್ಣಿನ ತಟ್ಟೆ ಬಂತು. ಚಿಟ್ಟೆಗಳೂ ಬಂದವು. ಹಳದಿ, ಬಿಳಿ ಎಂದು ನೋಡದೆ, ಒತ್ತೊತ್ತಾಗಿ ತಟ್ಟೆಯ ಸುತ್ತ ಕುಳಿತು, ರೆಕ್ಕೆ ಮಡಚಿಕೊಂಡು, ಸೊಂಡಿಲು ಚಾಚಿ ಹೀರತೊಡಗಿದವು. ಹೀರಿ ಹೀರಿ ಮತ್ತೇರಿ ಒಂದಕ್ಕೊಂದು ಒರಗಿಕೊಂಡವು.

"ನೋಡಿದ್ಯಾ, ಎಷ್ಟು ಅನ್ಯೋನ್ಯವಾಗಿವೆ," ಎಂದಳು ಅಕ್ಕ ಮೆಚ್ಚಿಕೊಂಡು.

"ಅಕ್ಕಾ, ಅನ್ಯೋನ್ಯ ಆಗ್ಬಾರ್ದು ಅಂತಾನೇ ಒಂಬತ್ತು ವರ್ಷದಿಂದ ಕಾಯ್ತಿದೀನಿ," ಎಂದು ಬಾಗಿಲಣ್ಣ ನೆಲಕ್ಕೆ ಕುಸಿದ.

ಹನ್ನೆರಡಾಯಿತು. ಗ್ರಂಥಾಲಯದಿಂದ ಪುಸ್ತಕದಮ್ಮ ಬಂದರು. ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ಜೋರಾಗಿ ಮಾತಾಡಿ ಮೂವತ್ತು ವರ್ಷವಾಗಿತ್ತು. ಪಿಸುದನಿಯಲ್ಲೇ, "ಬಿಸಿಲು ಬಿದ್ರೆ ಚಿಟ್ಟೆ ರೆಕ್ಕೆ ಬಿಡಿಸುತ್ತೆ ಅಂತ ಓದಿದೀನಿ. ಫೋಟೋ ತೆಗೆಯೋ ದೀಪ ಇದ್ಯಲ್ಲ, ಅದನ್ನ ತನ್ನಿ," ಎಂದರು. ದೊಡ್ಡ ದೀಪ ಬಂತು. ಹಚ್ಚಿದೊಡನೆ ಹತ್ತಿಪ್ಪತ್ತು ಚಿಟ್ಟೆಗಳು ನಿಜಕ್ಕೂ ರೆಕ್ಕೆ ಬಿಡಿಸಿದವು. ಹಳದಿ, ಬಿಳಿ, ಹಳದಿ. ಬಾಗಿಲಣ್ಣ ಬಲೆ ಹಿಡಿದು ಉಸಿರು ಬಿಗಿಹಿಡಿದ. ಆಗ ಫ್ಯೂಸು ಹೋಯಿತು. ಚಿಟ್ಟೆಮನೆಯದು ಮಾತ್ರವಲ್ಲ, ನಿರ್ದೇಶಕರ ಕೋಣೆಯದೂ ಹೋಯಿತು. ಮೇಲಿನ ಕಿಟಕಿ ತೆರೆದು ಯಾರೋ ಕೂಗಿದರು. ಕೆಳಗಿದ್ದ ನಾಲ್ವರೂ ಬಳ್ಳಿಯ ಹಿಂದೆ ಬಗ್ಗಿ ಕುಳಿತರು.

ಹಾಗೆ ಬಗ್ಗಿ ಕುಳಿತಾಗಲೇ ಬಾಗಿಲಣ್ಣನ ಕಣ್ಣೆದುರಿಗೆ, ಒಂದು ಗೇಣಿನ ದೂರದಲ್ಲಿ, ಅದು ಕಂಡಿತು. ಕಾಂಡದ ಮೇಲೆ ಎರಡು ಚಿಟ್ಟೆಗಳು. ಮುಖ ಅತ್ತಿತ್ತ, ಬಾಲಕ್ಕೆ ಬಾಲ ಸೇರಿಸಿ, ರೆಕ್ಕೆ ಮಡಚಿಕೊಂಡು ಅಲುಗದೆ ಕುಳಿತಿದ್ದವು.

"ಆಯ್ತು," ಎಂದ.

ಮಾವ ನೋಡಿದ. ಅಕ್ಕ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪುಸ್ತಕದಮ್ಮ ಕನ್ನಡಕ ಸರಿಮಾಡಿಕೊಂಡು, "ಯಾವ ಬಣ್ಣ?" ಎಂದರು.

ಅದೇ ತಾನೇ ತಿಳಿಯದ್ದು. ಬಾಗಿಲಣ್ಣ ಒಂದು ಹುಲ್ಲುಕಡ್ಡಿ ತೆಗೆದುಕೊಂಡು, ಬಾಂಬಿನ ತಂತಿ ಮುಟ್ಟುವವನಂತೆ, ಹತ್ತಿರದ ಚಿಟ್ಟೆಯ ರೆಕ್ಕೆಗೆ ಸೋಕಿಸಿದ. ಅದು ಬೇಸರದಿಂದ ರೆಕ್ಕೆಯನ್ನು ಒಮ್ಮೆ ತೆರೆದು ಮುಚ್ಚಿತು. ಹಳದಿ. ಇನ್ನೊಂದಕ್ಕೆ ಸೋಕಿಸಿದ. ಅದು ಅಲುಗಲಿಲ್ಲ. ಮತ್ತೆ ಸೋಕಿಸಿದ. ಇಲ್ಲ. ಅವನ ಮೂಗಿನ ತುದಿಯಿಂದ ಬೆವರ ಹನಿ ಬಿತ್ತು. ಆ ಎರಡು ರೆಕ್ಕೆಗಳ ನಡುವೆ ಅವನ ನೌಕರಿ, ಎರಡು ಕೋಣೆಯ ಮನೆ, ಮೇಡಂ ಅವರ ಹನ್ನೊಂದು ವರ್ಷ ಎಲ್ಲವೂ ಮಡಚಿ ಕುಳಿತಿದ್ದವು. ಹತ್ತು ನಿಮಿಷವಾಗಿರಬೇಕು. ಮೋಡ ಸರಿದು ಬಿಸಿಲು ಬಿತ್ತು. ಚಿಟ್ಟೆ ಆಕಳಿಸುವವರಂತೆ ನಿಧಾನವಾಗಿ ರೆಕ್ಕೆ ಬಿಚ್ಚಿತು.

ಹಳದಿ.

ಬಾಗಿಲಣ್ಣ ಮಾವನ ಹೆಗಲ ಮೇಲೆ ತಲೆಯಿಟ್ಟ. ಮಾವ ಆ ಒದ್ದೆ ತಲೆಯನ್ನು ಎರಡು ಸಲ ತಟ್ಟಿದ.

"ಅಲ್ಲಿ ಇನ್ನೊಂದು ಜೋಡಿ," ಎಂದರು ಪುಸ್ತಕದಮ್ಮ.

ಆಮೇಲೆ ಹಿಡಿಯುವ ಮಾತೇ ಉಳಿಯಲಿಲ್ಲ. ಎಲ್ಲಿ ನೋಡಿದರೂ ಜೋಡಿಗಳು. ಜೋಡಿಯಾದವನ್ನು ಬಲೆಗೆ ಹಾಕಿ ಬೇರೆ ಮಾಡಿದರೆ ಎರಡೂ ಸಾಯುತ್ತವೆ. ಪುಸ್ತಕದಮ್ಮ ಚೀಲದಿಂದ ನೋಟುಪುಸ್ತಕ ತೆಗೆದು ಮೂರು ಕಾಲಂ ಎಳೆದರು. ಹಳದಿ-ಹಳದಿ, ಬಿಳಿ-ಬಿಳಿ, ಮೂರನೆಯದು ಬೆರಕೆ.

"ಇದ್ಯಾಕಮ್ಮಾ? ನನ್ನ ತಪ್ಪಿಗೆ ನೀವೇ ಸಾಕ್ಷಿ ಬರೀತೀರಾ?"

"ಮುಚ್ಚಿಡೋಕೆ ಆಗಲ್ಲಪ್ಪ. ಕೇಳಿದಾಗ, ಇಷ್ಟು ಕೆಟ್ಟಿದೆ, ಇಷ್ಟು ಉಳಿದಿದೆ ಅಂತ ಸರಿಯಾಗಿ ಹೇಳಿದ್ರೆ ಬೈಗುಳ ಅರ್ಧ ಆಗುತ್ತೆ. ನೀವು ನೋಡಿ ಹೇಳಿ, ನಾನು ಬರೀತೀನಿ. ನನ್ನ ಕಣ್ಣು ಮಂಜು, ನಿಮ್ಮ ಕಣ್ಣು ಭಯಕ್ಕೆ ಚೂಪಾಗಿದೆ."

ಮಧ್ಯಾಹ್ನವೆಲ್ಲ ಅವನು ಮೊಣಕಾಲ ಮೇಲೆ ಹರಿದಾಡಿದ. ಬಿಳಿ, ಇನ್ನೊಂದೂ ಬಿಳಿ. ಹಳದಿ, ಇನ್ನೊಂದು ಯಾವುದೋ, ಅಯ್ಯೋ, ಹಳದಿ. ಒಂದು ಸಲವಂತೂ ಒಂದು ಹಳದಿ ಗಂಡು ಒಂದು ಬಿಳಿಯ ಹಿಂದೆಯೇ ಕೋಣೆ ಸುತ್ತಿತು. ಬಾಗಿಲಣ್ಣ ಕೈ ಮುಗಿದು, "ಬೇಡಪ್ಪಾ, ನಿನ್ನ ದಮ್ಮಯ್ಯ," ಎಂದು ಅದರ ಹಿಂದೆ ಸುತ್ತಿದ. ಆ ಬಿಳಿ ಒಂದು ಎಲೆಯ ಮೇಲೆ ಕುಳಿತು, ಹಳದಿ ಹತ್ತಿರ ಬಂದೊಡನೆ ಹಿಂಭಾಗವನ್ನು ಮೇಲಕ್ಕೆತ್ತಿ ಮುಖ ತಿರುಗಿಸಿತು. ಹಳದಿ ಅದರ ವಾಸನೆ ನೋಡಿ, ತಪ್ಪು ಮನೆಯ ಬಾಗಿಲು ತಟ್ಟಿದವನಂತೆ ಹಿಂದೆ ಸರಿದು ಹೋಯಿತು.

ಹೆಂಡತಿ ಎರಡು ಸಲ ಫೋನು ಮಾಡಿದಳು. "ಪತ್ರ ಬಂತಾ? ಪರದೆಗೆ ನೀಲಿ ತರ್ಲಾ ಹಸಿರು ತರ್ಲಾ?"

"ಹಳದಿ, ಬಿಳಿ ಬಿಟ್ಟು ಯಾವುದಾದ್ರೂ ತಾ," ಎಂದು ಫೋನಿಟ್ಟ.

ಸರಿಯಾಗಿ ನಾಲ್ಕಕ್ಕೆ ಮೇಡಂ, ನಿರ್ದೇಶಕರು, ಸಮಿತಿಯ ಮೂವರು ಬಂದರು. ಸಮಿತಿಯ ಹಿರಿಯರು ದಪ್ಪ ಕನ್ನಡಕದವರು. ನಗು ಎಂಬುದನ್ನು ಎಲ್ಲೋ ಮರೆತು ಬಂದವರಂತಿದ್ದರು. ಮೇಡಂ ಬಲಗಡೆಯ ಕೋಣೆ ಖಾಲಿಯಿರುವುದನ್ನು ಕಂಡು ನಿಂತಲ್ಲೇ ನಿಂತರು.

ಬಾಗಿಲಣ್ಣ ಮುಂದೆ ಬಂದ. ಮೈಯೆಲ್ಲ ಕೆಸರು, ತಲೆಯಲ್ಲಿ ಎಲೆ. "ಮೇಡಂ, ನಾನೇ. ಒಂದು ಚಿಟ್ಟೆ ಬಾಗಿಲ ಸಂದಿಯಲ್ಲಿ ಹುಟ್ಟಿತ್ತು. ಹಾಕಿದ್ರೆ ಸಾಯ್ತಿತ್ತು. ನಾಲ್ಕೇ ಬೆರಳು ತೆಗೆದಿಟ್ಟಿದ್ದೆ. ಒಂಬತ್ತೂವರೆಯಿಂದ ಎಲ್ಲ ಒಟ್ಟಿಗಿವೆ." ಅಷ್ಟು ಹೇಳಿ, ಏಟಿಗೆ ಕಾಯುವವನಂತೆ ಕಣ್ಣು ಮುಚ್ಚಿಕೊಂಡ.

"ಇವನೊಬ್ಬನೇ ಅಲ್ಲ. ನೀರು ಬಿಟ್ಟೋನು ನಾನು," ಎಂದ ಮಾಲಿ ಮಾವ.

"ಬಾಳೆಹಣ್ಣು ನಂದು," ಎಂದಳು ಅಕ್ಕ.

"ಫ್ಯೂಸು ನನ್ನದು. ಬರೆದಿದ್ದೂ ನಾನು," ಎಂದು ಪುಸ್ತಕದಮ್ಮ ನೋಟುಪುಸ್ತಕ ಚಾಚಿದರು.

ಮೇಡಂ ಅದನ್ನು ತೆಗೆದುಕೊಂಡರು. ಓದಿದರು. ಪುಟ ತಿರುವಿದರು, ಹಿಂದಕ್ಕೆ ತಿರುವಿದರು. ದಪ್ಪ ಕನ್ನಡಕದವರು ಹೆಗಲ ಮೇಲಿಂದ ಬಗ್ಗಿ ನೋಡಿ ಬಾಗಿಲಣ್ಣನನ್ನು ಕೇಳಿದರು.

"ಇಪ್ಪತ್ತಾರು ಜೋಡಿ. ಹಳದಿ ಹದಿನಾಲ್ಕು, ಬಿಳಿ ಹನ್ನೆರಡು. ಈ ಮೂರನೇ ಕಾಲಂ ಯಾಕೆ ಖಾಲಿ?"

"ಸಾರ್, ಅಲ್ಲಿ ಬರೆಯೋ ಅಂಥದ್ದು ಒಂದೂ ಸಿಗಲಿಲ್ಲ. ಬೆಳಿಗ್ಗೆಯಿಂದ ಹುಡುಕಿದೀನಿ."

"ಸರಿಯಾಗಿ ಹುಡುಕಿದ್ರಾ?"

"ಸಾರ್, ಅಲ್ಲಿ ಒಂದು ಗೆರೆ ಬಿದ್ರೆ ನಾನು ಸತ್ತೆ ಅಂತಿತ್ತು. ಅದಕ್ಕಿಂತ ಸರಿಯಾಗಿ ಹುಡುಕೋಕೆ ಬರಲ್ಲ."

ಮರೆತು ಬಂದ ನಗು ಎಲ್ಲಿಂದಲೋ ದಪ್ಪ ಕನ್ನಡಕದವರ ಮುಖಕ್ಕೆ ಬಂತು. "ಮೇಡಂ, ನೀವು ಹನ್ನೊಂದು ವರ್ಷ ಹೆದರಿ ಮಾಡದೇ ಇದ್ದ ಪ್ರಯೋಗವನ್ನ ಇವರು ಹೆದರಿಕೊಂಡೇ ಮಾಡಿಬಿಟ್ಟಿದಾರೆ. ಬೇಲಿ ಇಲ್ಲ, ಗೋಡೆ ಇಲ್ಲ, ಹೊಟ್ಟೆ ತುಂಬ ಹಣ್ಣು, ಆದರೂ ಒಂದೂ ಬೆರೀಲಿಲ್ಲ. ಇನ್ನು ಹಲವು ಸಲ ಮಾಡಿ ನೋಡ್ಬೇಕು, ಮೊಟ್ಟೆ ನೋಡ್ಬೇಕು, ಅದೆಲ್ಲ ಸರಿ. ಆದ್ರೆ ಇವು ಯಾರಿಗೆ ಯಾರೋ ಆಗಿರೋ ಹಾಗೆ ಕಾಣುತ್ತೆ. ಕೆಲಸ ಮುಂದುವರೀಲಿ."

ಮೇಡಂ ಬಾಗಿಲಣ್ಣನ ತಲೆಯಲ್ಲಿದ್ದ ಎಲೆಯನ್ನು ತೆಗೆದುಹಾಕಿದರು. ಅಕ್ಕ ಕಣ್ಣೊರೆಸಿಕೊಂಡಳು. ಬಾಗಿಲಣ್ಣನಿಗೆ ಏನೂ ಅರ್ಥವಾಗಲಿಲ್ಲ. ಯಾರೂ ಬೈಯುತ್ತಿಲ್ಲ ಎಂಬುದಷ್ಟೇ ಅರ್ಥವಾಯಿತು. ಬೆಳಗಿನಿಂದ ಮೊದಲ ಬಾರಿಗೆ ಅವನು ಪೂರ್ತಿ ಉಸಿರು ಎಳೆದುಕೊಂಡ.

ನಿರ್ದೇಶಕರು ಜೇಬಿನಿಂದ ಪತ್ರ ತೆಗೆದರು. ಕೊಡಲು ಕೈ ಚಾಚಿ, ಅದನ್ನು ಒಮ್ಮೆ ಓದಿ, ಕೈ ಹಿಂದಕ್ಕೆ ಎಳೆದುಕೊಂಡರು.

"ಒಂದು ತೊಡಕಿದೆ," ಎಂದರು. ಅವರು ಕೆಟ್ಟವರಲ್ಲ, ನಿಯಮದವರು. "ಇದರಲ್ಲಿ ಹುದ್ದೆಯ ಹೆಸರು ನಡುಬಾಗಿಲು ಕಾಯುವವರು ಅಂತಿದೆ. ಬಾಗಿಲು ಇಲ್ದೇನೂ ಇವು ಬೆರೆಯೋದಿಲ್ಲ ಅಂದ ಮೇಲೆ ಬಾಗಿಲು ಯಾಕೆ? ಪ್ರಯೋಗಕ್ಕೆ ನಾಳೆಯಿಂದ ಅದನ್ನ ತೆಗೆಸ್ಬೇಕು. ಬಾಗಿಲೇ ಇಲ್ಲದ ಮೇಲೆ ಕಾಯೋ ಹುದ್ದೆಯನ್ನ ಕಾಯಂ ಮಾಡೋದು ಹೇಗೆ?"

"ಜೋಡಿ ನೋಡೋಕೆ ಜನ ಬೇಕಲ್ಲ ಸಾರ್. ಇವರಷ್ಟು ಚೆನ್ನಾಗಿ ಯಾರು ನೋಡ್ತಾರೆ?" ಎಂದರು ಮೇಡಂ, ಗಾಬರಿಯಿಂದ.

"ಖಂಡಿತ ಕೊಡೋಣ. ಜೋಡಿ ವೀಕ್ಷಕರು. ಹೊಸ ಹುದ್ದೆ." ನಿರ್ದೇಶಕರು ಅಲ್ಲೇ ಬರೆದರು. "ಹೊಸದಾದ್ದರಿಂದ ಸೇವೆ ಇವತ್ತಿನಿಂದ ಶುರು. ಸದ್ಯಕ್ಕೆ ತಾತ್ಕಾಲಿಕ. ನಿಯಮದ ಪ್ರಕಾರ ಒಂಬತ್ತು ವರ್ಷ ಆದ ಮೇಲೆ ಕಾಯಂ ಬಗ್ಗೆ ನೋಡೋಣ."

ಬಾಗಿಲಣ್ಣ ಹೊಸ ಪತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ಅಂಜುತ್ತ ಕೇಳಿದ.

"ಸಾರ್, ನೋಡ್ತಾ ಇರೋವಾಗ ಎಲ್ಲಾದ್ರೂ ಮೂರನೇ ಕಾಲಂಗೆ ಒಂದು ಜೋಡಿ ಬಂದ್ಬಿಟ್ರೆ?"

"ಬಂದ್ರೆ ಕೂಡಲೇ ಎರಡು ಬಗೆಯನ್ನೂ ಬೇರೆ ಮಾಡ್ಬೇಕಾಗುತ್ತೆ. ಮತ್ತೆ ಬಾಗಿಲು ಹಾಕಿಸ್ತೀವಿ."

"ಕಾಯೋರು?"

"ಬಾಗಿಲು ಇದ್ರೆ ಕಾಯೋರು ಬೇಕೇ ಬೇಕು. ಈ ಹಳೇ ಪತ್ರ ಇಲ್ಲೇ ಇಟ್ಟಿರ್ತೀನಿ," ಎಂದು ನಿರ್ದೇಶಕರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

ಎಲ್ಲರೂ ಹೋದರು. ಇಳಿಬಿಸಿಲು ಬಲೆಯೊಳಗೆ ಬಿದ್ದಿತ್ತು. ಬಾಗಿಲಣ್ಣ ಪುಸ್ತಕದಮ್ಮ ಬಿಟ್ಟುಹೋದ ನೋಟುಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬಳ್ಳಿಯ ಮುಂದೆ ಕುಳಿತ. ಒಂದು ಎಲೆಯ ಮೇಲೆ ಒಂಟಿ ಹಳದಿ, ಪಕ್ಕದ ಎಲೆಯ ಮೇಲೆ ಒಂಟಿ ಬಿಳಿ. ಅವನು ಆಚೀಚೆ ನೋಡಿದ. ಯಾರೂ ಇರಲಿಲ್ಲ. ಎಲೆಯನ್ನು ಒಂದೇ ಬೆರಳಿನಿಂದ ಮೆಲ್ಲಗೆ ಇತ್ತ ಸರಿಸಿ, ಬಗ್ಗಿ, ಪಿಸುಗುಟ್ಟಿದ.

"ಏನೋ ಒಂದು ಬಣ್ಣದ ವ್ಯತ್ಯಾಸ. ಅಷ್ಟಕ್ಕೇ ಮುಖ ತಿರುಗಿಸ್ಬಾರ್ದಪ್ಪ. ಒಂದು ಸಲ ಮಾತಾಡಿ ನೋಡಿ."

ಬಿಳಿ ಚಿಟ್ಟೆ ಹಿಂಭಾಗವನ್ನು ಮೇಲಕ್ಕೆತ್ತಿ ಆ ಕಡೆ ತಿರುಗಿ ಕುಳಿತಿತು.